ಲ್ಯಾಟಿನ್ ಅಮೆರಿಕದ ಜನರಲ್ಲಿ ವರ್ಣಭೇದ

ವರ್ಣಭೇದವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಕರಿಯರು, ನಡುವೆ ಒಂದು ಗೋಡೆ. ದಕ್ಷಿಣ ಆಫ್ರಿಕದಲ್ಲಿ 1994ರಲ್ಲಿ ಕೊನೆಗೊಂಡ ಆಡಳಿತದ ವಿಷಯವನ್ನೂ, ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಹಿಂದೆ ಜಾರಿಯಲ್ಲಿದ್ದ ಕಾಯಿದೆಗಳ ವಿಷಯವನ್ನೂ ಓದಿ ನಾವು ಈ ಚಿತ್ರವನ್ನು ಕಟ್ಟಿಕೊಂಡಿದ್ದೇವೆ. ಈ ಚಿತ್ರ ಸುಳ್ಳೇನೂ ಅಲ್ಲ; ಆದರೆ ಇದಿಷ್ಟರಿಂದಲೇ ವಿಷಯ ಪೂರ್ತಿಯಾಗುವುದಿಲ್ಲ. ಬಿಳಿಯರಿಂದ ತಾನೇ ತಿರಸ್ಕಾರಕ್ಕೆ ಗುರಿಯಾದ ಒಂದು ಜನಸಮುದಾಯದ ಒಳಗೆ, ಅದೇ ಸಮುದಾಯದ ಕಪ್ಪು ಮೈಯವರ ಬಗೆಗೆ ತಿರಸ್ಕಾರ ಬೆಳೆಯುವುದುಂಟೆ? ಬೆಳೆಯುವುದಾದರೆ ಅದಕ್ಕೆ ಕಾರಣವೇನು? ಈ ಪ್ರಶ್ನೆಗೆ ಲ್ಯಾಟಿನ್ ಅಮೆರಿಕದ ಚರಿತ್ರೆಯಲ್ಲಿ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರುಗಳ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಮೆಕ್ಸಿಕೋದಿಂದ ಅರ್ಜೆಂಟೀನದ ವರೆಗೆ ಹಬ್ಬಿರುವ, ಬಹುಮಟ್ಟಿಗೆ ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಭಾಷೆಯನ್ನಾಡುವ ದೇಶಗಳನ್ನು ಲ್ಯಾಟಿನ್ ಅಮೆರಿಕವೆನ್ನುತ್ತೇವೆ. ಕ್ಯೂಬಾ, ಪೋರ್ಟೋ ರೀಕೋ, ಡೊಮಿನಿಕನ್ ಗಣರಾಜ್ಯಗಳೂ ಇದರಲ್ಲಿ ಸೇರುತ್ತವೆ. ಈ ನಾಡುಗಳಿಂದ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ ನೆಲಸಿದವರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಅಲ್ಲಿ ಲ್ಯಾಟಿನೋ ಎಂದು ಕರೆಯುತ್ತಾರೆ. ಹೆಣ್ಣು ಗಂಡೆಂಬ ಭೇದ ತೋರದಿರಲೆಂದು ಕೆಲವರು ಈಚೆಗೆ ಲ್ಯಾಟಿನೆಕ್ಸ್ ಎಂಬ ರೂಪವನ್ನು ಬಳಸುವುದೂ ಉಂಟು. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಈ ಹೆಸರು ಮೈಬಣ್ಣವನ್ನು ಹೇಳುವುದಿಲ್ಲ. ಅವರಲ್ಲಿ ಯುರೋಪಿನವರಂತೆ ಬೆಳ್ಳಗಿರುವವರಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಸಂತತಿಯವರಿದ್ದಾರೆ. ಆಫ್ರಿಕದಿಂದ ಬಂದವರ ಸಂತತಿಯವರಿದ್ದಾರೆ. ಈ ಮೂವರೂ ಬೆರೆತು ಹುಟ್ಟಿದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ.

ಆಫ್ರಿಕದವರು ಅಲ್ಲಿಗೆ ತಾವಾಗಿ ಬಂದವರಲ್ಲ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗುಗಳಲ್ಲಿ ತುಂಬಿ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಲಾಯಿತೆಂದು ಚರಿತ್ರಕಾರರು ಲೆಕ್ಕಹಾಕಿದ್ದಾರೆ. ಜೀವಸಹಿತ ಆಚೆಯ ದಡವನ್ನು ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಇವರಲ್ಲಿ ಇಂದಿನ ಸಂಯುಕ್ತ ಸಂಸ್ಥಾನಗಳಿರುವ ನೆಲಕ್ಕೆ ಆಫ್ರಿಕದಿಂದ ನೇರವಾಗಿ ಬಂದವರು 4 ಲಕ್ಷಕ್ಕಿಂತ ಕಡಮೆ. ಬ್ರೆಜಿಲ್ ದೇಶವೊಂದಕ್ಕೇ ಬಂದವರು ಸುಮಾರು 48 ಲಕ್ಷ. ಗುಲಾಮ ಪದ್ಧತಿಯೆಂದರೆ ನಮಗೆ ನೆನಪಾಗುವುದು ಅಬ್ರಹಾಂ ಲಿಂಕನ್ನನ ದೇಶ. ಅಂಕಿಗಳು ಬೆರಳು ತೋರಿಸುವುದು ಮಾತ್ರ ಇನ್ನೂ ದಕ್ಷಿಣಕ್ಕೆ. ಆ ಪದ್ಧತಿ ಪೋರ್ಟೋ ರೀಕೋದಲ್ಲಿ 1873ರಲ್ಲಿಯೂ, ಕ್ಯೂಬಾದಲ್ಲಿ 1886ರಲ್ಲಿಯೂ, ಬ್ರೆಜಿಲ್‌ನಲ್ಲಿ ಎಲ್ಲಕ್ಕಿಂತ ತಡವಾಗಿ 1888ರಲ್ಲಿಯೂ ರದ್ದಾಯಿತು.

ಈ ಕಥೆಯ ಆರಂಭದಲ್ಲಿಯೇ ಒಂದು ವಿಚಿತ್ರ ಘಟನೆಯಿದೆ. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಸ್ಪೇನಿನ ಪಾದ್ರಿ ಅಮೆರಿಕದ ಮೂಲನಿವಾಸಿಗಳ ಸಂಕಟವನ್ನು ಕಂಡು ಮರುಗಿ, ಅವರ ಪರವಾಗಿ ದೊರೆಯ ಮುಂದೆ ಜೀವಮಾನವೆಲ್ಲ ವಾದಿಸಿದವನು. ಅದೇ ಪುಣ್ಯಾತ್ಮನು ಮೊದಮೊದಲಿಗೆ, ಮೂಲನಿವಾಸಿಗಳ ಹೊರೆಯನ್ನಿಳಿಸಲು ಗುಲಾಮರನ್ನು ತರಿಸಬಹುದೆಂದು ಸೂಚಿಸಿದ್ದನು. ಮುಂದೆ ಆ ಸೂಚನೆಗಾಗಿ ಬಹಳವಾಗಿ ಪಶ್ಚಾತ್ತಾಪಪಟ್ಟು, ತನ್ನ ಗ್ರಂಥದಲ್ಲಿ ಅದನ್ನು ಬರೆದಿಟ್ಟನು. ಒಬ್ಬರ ಮೇಲಣ ಕರುಣೆ ಇನ್ನೊಬ್ಬರ ಹೆಗಲಿಗೆ ಹೊರೆಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಆ ನಾಡಿನಲ್ಲಿ ಸಿಗಲಾರದು.

ಸ್ಪೇನಿನವರು ಅಮೆರಿಕಕ್ಕೆ ಬರುವಾಗ ತಮ್ಮೊಡನೆ ಇನ್ನೊಂದು ಭಾವನೆಯನ್ನೂ ತಂದರು. ಅದು ರಕ್ತಶುದ್ಧಿಯ ಭಾವನೆ. ಸ್ಪೇನಿನ ತೊಲೇದೋ ನಗರದಲ್ಲಿ 1449ರಲ್ಲಿಯೇ, ಯೆಹೂದ್ಯ ಮತದಿಂದ ಕ್ರೈಸ್ತ ಮತಕ್ಕೆ ಬಂದವರ ವಂಶದವರಿಗೆ ಅಧಿಕಾರಸ್ಥಾನಗಳು ಸಲ್ಲವೆಂಬ ಕಟ್ಟಳೆ ಹುಟ್ಟಿತ್ತು. ಮತ ಬದಲಾದರೂ ರಕ್ತ ಬದಲಾಗದು ಎಂಬುದು ಅದರ ತಾತ್ಪರ್ಯ. ಅಮೆರಿಕದಲ್ಲಿ ಈ ಭಾವನೆ ಮೈಬಣ್ಣಕ್ಕೆ ಅಂಟಿಕೊಂಡಿತು. ಯಾರಿಗೂ ಯಾರಿಗೂ ಹುಟ್ಟಿದ ಮಗುವಿಗೆ ಯಾವ ಹೆಸರು, ಯಾವ ಸ್ಥಾನ ಎಂಬುದಕ್ಕೆ ದೊಡ್ಡದೊಂದು ಪಟ್ಟಿಯೇ ಬೆಳೆಯಿತು. ಸ್ಪೇನಿನವನಿಗೂ ಮೂಲನಿವಾಸಿ ಹೆಂಗಸಿಗೂ ಹುಟ್ಟಿದವನು ಮೆಸ್ತೀಸೊ, ಸ್ಪೇನಿನವನಿಗೂ ಆಫ್ರಿಕದವಳಿಗೂ ಹುಟ್ಟಿದವನು ಮುಲಾತೊ, ಹೀಗೆ. ಹದಿನೆಂಟನೆಯ ಶತಮಾನದ ಮೆಕ್ಸಿಕೋದಲ್ಲಿ ಚಿತ್ರಕಾರರು ತಂದೆ, ತಾಯಿ, ಮಗು ಈ ಮೂವರನ್ನು ಒಂದೊಂದು ಚೌಕದಲ್ಲಿ ಬರೆದು, ಕೆಳಗೆ ಆ ಬೆರಕೆಯ ಹೆಸರನ್ನೂ ಬರೆಯುತ್ತಿದ್ದರು. ಇವನ್ನು ಕಾಸ್ತಾ ಚಿತ್ರಗಳೆನ್ನುತ್ತಾರೆ. ಪೋರ್ಚುಗೀಸರು ನಮ್ಮ ದೇಶಕ್ಕೆ ಬಂದು ಇಲ್ಲಿಯ ಜಾತಿಗಳನ್ನು ಕಂಡಾಗ ಅವಕ್ಕೆ ಕೊಟ್ಟದ್ದೂ ಇದೇ ಕಾಸ್ತಾ ಎಂಬ ಹೆಸರನ್ನೇ. ಇಂಗ್ಲಿಷಿನವರು ಜಾತಿಗೆ ಹೇಳುವ ಕಾಸ್ಟ್ ಎಂಬ ಮಾತು ಅದರಿಂದ ಬಂದದ್ದು.

ಇಲ್ಲಿ ಎರಡು ಬಗೆಯ ವ್ಯವಸ್ಥೆಗಳ ವ್ಯತ್ಯಾಸವನ್ನು ಕಾಣಬೇಕು. ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಗೆರೆಯನ್ನೆಳೆದರು: ಆಫ್ರಿಕದ ರಕ್ತ ಒಂದು ತೊಟ್ಟು ಇದ್ದರೂ ಅವನು ಕರಿಯನೇ. ಲ್ಯಾಟಿನ್ ಅಮೆರಿಕದಲ್ಲಿ ಒಂದು ಏಣಿಯನ್ನು ನಿಲ್ಲಿಸಿದರು. ಗೆರೆಯನ್ನು ದಾಟುವಂತಿಲ್ಲ; ಏಣಿಯನ್ನು ಹತ್ತಬಹುದು. 1795ರಲ್ಲಿ ಸ್ಪೇನಿನ ದೊರೆ ಹೊರಡಿಸಿದ ಶುಲ್ಕಪಟ್ಟಿಯೊಂದರಲ್ಲಿ, ಆಫ್ರಿಕ ಬೆರಕೆಯ ಪಾರ್ದೊ ಎಂಬ ವರ್ಗದವನು 500 ರೆಯಾಲ್ ನಾಣ್ಯಗಳನ್ನು ಕಟ್ಟಿದರೆ ಆ ವರ್ಗದ ಕಳಂಕದಿಂದ ಬಿಡುಗಡೆ ಹೊಂದಬಹುದೆಂದು ಕಾಣಿಸಲಾಗಿತ್ತು. ಕರಾಕಸ್ ನಗರದ ಬಿಳಿಯ ಗಣ್ಯರು ಮರುವರ್ಷವೇ ಇದನ್ನು ಪ್ರತಿಭಟಿಸಿ ದೊರೆಗೆ ಬರೆದರು. ಮೇಲ್ನೋಟಕ್ಕೆ ಗೆರೆಗಿಂತ ಏಣಿಯೇ ವಾಸಿಯೆಂದು ತೋರುತ್ತದೆ. ಹತ್ತುವುದಕ್ಕೆ ಅವಕಾಶವಾದರೂ ಉಂಟಲ್ಲ! ಆದರೆ ಏಣಿಯ ಗುಣವೇನೆಂದರೆ, ಅದರ ಮೇಲೆ ನಿಂತವರೆಲ್ಲರೂ ಮೇಲಕ್ಕೆ ನೋಡಿ ಆಸೆಪಡುತ್ತಾರೆ, ಕೆಳಕ್ಕೆ ನೋಡಿ ಹೇಸುತ್ತಾರೆ. ಏಣಿಯನ್ನೇ ಕಿತ್ತೊಗೆಯಬೇಕೆಂಬ ಯೋಚನೆ ಅವರಿಗೆ ಸುಲಭವಾಗಿ ಬರುವುದಿಲ್ಲ. ಕಟ್ಟಕಡೆಯ ಮೆಟ್ಟಿಲಿನಲ್ಲಿ ಯಾವಾಗಲೂ ಇದ್ದವನು ಆಫ್ರಿಕದವನು.

ಸ್ವಾತಂತ್ರ್ಯ ಬಂದ ಮೇಲೆ ಈ ನಾಡುಗಳ ವಿದ್ವಾಂಸರು ಬೆರಕೆಯನ್ನು ಅವಮಾನವೆಂದೆಣಿಸದೆ ಹೆಮ್ಮೆಯೆಂದು ಸಾರಿದರು. ಮೆಕ್ಸಿಕೋದ ಹೊಸೆ ವಾಸ್ಕೊನ್ಸೆಲೊಸ್ 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಲ್ಲ ಕುಲಗಳೂ ಬೆರೆತು ಲ್ಯಾಟಿನ್ ಅಮೆರಿಕದಲ್ಲಿ ಹೊಸದೊಂದು ವಿಶ್ವಕುಲ ಹುಟ್ಟುವುದೆಂದನು. ಬ್ರೆಜಿಲ್‌ನ ಗಿಲ್ಬೆರ್ತೊ ಫ್ರೇರೆ 1933ರ ತನ್ನ ಗ್ರಂಥದಲ್ಲಿ, ತನ್ನ ನಾಡಿನ ಅಡುಗೆ, ಮಾತು, ಮನೆತನಗಳಲ್ಲೆಲ್ಲ ಆಫ್ರಿಕದ ಪಾಲು ಎಷ್ಟು ದೊಡ್ಡದೆಂಬುದನ್ನು ವಿವರಿಸಿದನು. ಯುರೋಪು ರಕ್ತಶುದ್ಧಿಯ ಹುಚ್ಚಿನಲ್ಲಿ ಮುಳುಗುತ್ತಿದ್ದ ಕಾಲದಲ್ಲಿ ಇಂತಹ ಮಾತನ್ನಾಡಿದ್ದು ಸಣ್ಣ ಸಂಗತಿಯಲ್ಲ; ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು. ಆದರೆ ಈ ಉದಾರ ತತ್ತ್ವದಿಂದ ಒಂದು ಅಡ್ಡ ಫಲವೂ ಉಂಟಾಯಿತು. "ನಾವೆಲ್ಲರೂ ಬೆರಕೆಯವರು, ಆದುದರಿಂದ ನಮ್ಮಲ್ಲಿ ವರ್ಣಭೇದವಿಲ್ಲ" ಎಂಬುದು ದಿನಬಳಕೆಯ ವಾದವಾಯಿತು. ತನಗೆ ಅನ್ಯಾಯವಾಯಿತೆಂದು ಕಪ್ಪು ಮೈಯವನು ಬಾಯಿ ತೆರೆದರೆ, ಇಲ್ಲದ ಭೇದವನ್ನು ಇವನೇ ಹುಟ್ಟುಹಾಕುತ್ತಿದ್ದಾನೆಂಬ ಅಪವಾದ ಅವನ ತಲೆಗೇ ಬಂತು.

ಬೆರಕೆಯ ಹೊಗಳಿಕೆಯ ಹಿಂದೆ ಬಿಳಿಯಾಗುವ ಹಂಬಲವೂ ಅಡಗಿತ್ತು. ಬ್ರೆಜಿಲ್ ಸರಕಾರ ಗುಲಾಮರನ್ನು ಬಿಡುಗಡೆ ಮಾಡಿದ ಎರಡೇ ವರ್ಷಗಳಲ್ಲಿ, ಎಂದರೆ 1890ರಲ್ಲಿ, ಯುರೋಪಿನವರಿಗೆ ಬಾಗಿಲನ್ನು ತೆರೆದು, ಆಫ್ರಿಕ ಏಷ್ಯಗಳವರು ವಿಶೇಷ ಅನುಮತಿಯಿಲ್ಲದೆ ಒಳಗೆ ಬರಕೂಡದೆಂದು ಆಜ್ಞೆ ಹೊರಡಿಸಿತು. ತಲೆಮಾರಿನಿಂದ ತಲೆಮಾರಿಗೆ ದೇಶ ಬೆಳ್ಳಗಾಗುತ್ತ ಹೋಗಬೇಕೆಂಬುದು ಆ ಕಾಲದ ಮುಖಂಡರು ಮುಚ್ಚಿಟ್ಟುಕೊಳ್ಳದ ಆಸೆ.

ಸರಕಾರದ ಈ ಆಸೆ ಮನೆಮನೆಯ ಮಾತಾಗಿಯೂ ಉಳಿದುಕೊಂಡಿದೆ. ಸ್ಪ್ಯಾನಿಷ್ ಭಾಷೆಯಲ್ಲಿ "ಮೆಹೊರಾರ್ ಲಾ ರಾಸಾ" ಎಂಬ ನುಡಿಗಟ್ಟಿದೆ. ಕುಲವನ್ನು ಸುಧಾರಿಸುವುದು ಎಂದು ಅದರ ಅರ್ಥ. ಮದುವೆಯ ಮಾತು ಬಂದಾಗ, ನಿನಗಿಂತ ಬೆಳ್ಳಗಿರುವವರನ್ನು ನೋಡಿಕೋ ಎಂದು ಹಿರಿಯರು ಕಿರಿಯರಿಗೆ ಹೇಳುವ ಬುದ್ಧಿವಾದ ಅದು. ಗುಂಗುರು ಕೂದಲಿಗೆ "ಪೇಲೊ ಮಾಲೊ" ಎನ್ನುತ್ತಾರೆ. ಕೆಟ್ಟ ಕೂದಲು ಎಂದರ್ಥ. ನೀಳವಾದ ಕೂದಲು ಒಳ್ಳೆಯದು, ಸುರುಳಿ ಸುತ್ತಿದ್ದು ಕೆಟ್ಟದ್ದು! ಇಂಥ ಮಾತುಗಳನ್ನಾಡುವವರು ದ್ವೇಷದಿಂದ ಆಡುವುದಿಲ್ಲ. ಅಜ್ಜಿ ಮೊಮ್ಮಗಳ ತಲೆ ಬಾಚುತ್ತ ಪ್ರೀತಿಯಿಂದಲೇ ಆಡಬಹುದು. ಈ ವಿಷಯದಲ್ಲಿ ನನಗೆ ಅತ್ಯಂತ ಕಳವಳವನ್ನುಂಟುಮಾಡುವ ಅಂಶ ಇದೇ. ಹೊರಗಿನವನು ಬಯ್ದರೆ ಮಗು ಮನೆಗೆ ಬಂದು ಅಳಬಹುದು. ಮನೆಯಲ್ಲಿಯೇ ಅಕ್ಕರೆಯ ಕೈ ಅದನ್ನು ಹೇಳಿದರೆ ಆ ಮಗು ಎಲ್ಲಿಗೆ ಹೋಗಬೇಕು? ನ್ಯೂಯಾರ್ಕಿನಲ್ಲಿ ಹುಟ್ಟಿ ಬೆಳೆದ ಪಿರಿ ತಾಮಸ್ ಎಂಬ ಲೇಖಕ 1967ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಈ ಸಂಕಟವಿದೆ. ತಾಯಿ ಪೋರ್ಟೋ ರೀಕೋದವಳು, ತಂದೆ ಕ್ಯೂಬಾದವನು. ಒಡಹುಟ್ಟಿದವರಲ್ಲಿ ಕಪ್ಪು ಬಣ್ಣ ಪಾಲಿಗೆ ಬಂದದ್ದು ಇವನಿಗೆ. ಬೀದಿ ಅವನನ್ನು ಕರಿಯನೆಂದಿತು. ಮನೆ ಹಾಗೆನ್ನಲು ಒಪ್ಪಲಿಲ್ಲ.

ಇದೆಲ್ಲ ಬರಿಯ ಮಾತು, ಮಾತಿನಿಂದೇನು ಎಂದು ಕೆಲವರು ಕೇಳಬಹುದು. ಮಾತು ಕತ್ತಿಯಾದ ಸಂದರ್ಭಗಳೂ ಉಂಟು. ಕ್ಯೂಬಾದ ಸ್ವಾತಂತ್ರ್ಯ ಸಮರದಲ್ಲಿ ಕರಿಯರು ಮುಂದೆ ನಿಂತು ಹೋರಾಡಿದರು. ಸೇನಾನಿ ಅಂತೊನಿಯೊ ಮಾಸಿಯೊ 1896ರಲ್ಲಿ ರಣದಲ್ಲಿ ಮಡಿದನು. ಆದರೆ ಹೊಸ ಗಣರಾಜ್ಯದಲ್ಲಿ ತಮಗೆ ನ್ಯಾಯವಾದ ಪಾಲು ಸಿಗದಿರಲು, ಅವರಲ್ಲಿ ಕೆಲವರು 1908ರಲ್ಲಿ ಒಂದು ಪಕ್ಷವನ್ನು ಕಟ್ಟಿದರು. ಒಂದೇ ವರ್ಣದವರ ಪಕ್ಷ ಕೂಡದೆಂದು 1910ರಲ್ಲಿ ಕಾಯಿದೆಯಾಯಿತು. ಅವರು 1912ರಲ್ಲಿ ಪ್ರತಿಭಟಿಸಿ ಎದ್ದಾಗ ಸೈನ್ಯ ಸಾವಿರಾರು ಮಂದಿ ಕರಿಯರನ್ನು ಕೊಂದಿತು. ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ತ್ರುಹಿಯೊನ ಆಜ್ಞೆಯಂತೆ 1937ರ ಅಕ್ಟೋಬರಿನಲ್ಲಿ, ಗಡಿಯ ಬಳಿ ನೆಲಸಿದ್ದ ಹೈಟಿ ಮೂಲದ ಸಾವಿರಾರು ಜನರನ್ನು ಸಂಹರಿಸಲಾಯಿತು. ಆ ತ್ರುಹಿಯೊನ ತಾಯಿಯ ಕಡೆಯ ಹಿರಿಯರಲ್ಲಿಯೇ ಹೈಟಿಯ ಮೂಲದವರಿದ್ದರು. ಅವನು ಮುಖಕ್ಕೆ ಪುಡಿ ಬಳಿದು ಬಣ್ಣವನ್ನು ಮರೆಮಾಡುತ್ತಿದ್ದನು. ಆ ದೇಶದಲ್ಲಿ ಕಪ್ಪು ಮೈಯ ಅಸಂಖ್ಯಾತ ಜನ ತಮ್ಮನ್ನು ಕರಿಯರೆಂದು ಹೇಳಿಕೊಳ್ಳದೆ "ಇಂದಿಯೊ", ಎಂದರೆ ಮೂಲನಿವಾಸಿಯ ಬಣ್ಣದವರು, ಎಂದು ಹೇಳಿಕೊಳ್ಳುವುದು ವಾಡಿಕೆಯಾಯಿತು. ಕರಿಯರೆಂದರೆ ಗಡಿಯಾಚೆಯ ಹೈಟಿಯವರು ಮಾತ್ರ! ಈ ಭಾವನೆ ಇಂದಿಗೂ ಸತ್ತಿಲ್ಲ. 2013ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯದ ತೀರ್ಪೊಂದು 1929ರಿಂದೀಚೆಗೆ ಆ ನೆಲದಲ್ಲೇ ಹುಟ್ಟಿದ, ದಾಖಲೆಗಳಿಲ್ಲದ ವಲಸೆಗಾರರ ಮಕ್ಕಳಿಗೆ ಪೌರತ್ವವಿಲ್ಲವೆಂದಿತು. ಅದರ ಪೆಟ್ಟು ಬಿದ್ದುದು ಬಹುಮಟ್ಟಿಗೆ ಹೈಟಿ ಮೂಲದವರ ಮೇಲೆಯೇ.

ಇನ್ನು ವಲಸೆ ಹೋದವರ ವಿಷಯ. ಏಣಿಯಿದ್ದ ನಾಡಿನಿಂದ ಗೆರೆಯಿದ್ದ ನಾಡಿಗೆ ಬಂದವರ ಪಾಡು ಏನಾಯಿತು? ಫ್ಲಾರಿಡಾ ರಾಜ್ಯದ ಟಾಂಪಾ ನಗರದಲ್ಲಿ ಚುಟ್ಟದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಕ್ಯೂಬಾದವರು, ಕಪ್ಪು ಬಿಳುಪೆನ್ನದೆ ಒಂದೇ ಬೆಂಚಿನ ಮೇಲೆ ಕುಳಿತು ಎಲೆ ಸುತ್ತುತ್ತಿದ್ದರು. ತಾಯ್ನಾಡಿನ ಬಿಡುಗಡೆಗೆ ಒಟ್ಟಿಗೆ ಹಣ ಕೂಡಿಸಿದ್ದರು. ಸಮರ ಮುಗಿದ ಮೇಲೆ ಅವರು ಸೇರಿ ಕಟ್ಟಿದ ಸಂಘ 1900ರಲ್ಲಿ ಎರಡಾಯಿತು. ಫ್ಲಾರಿಡಾದ ಕಾಯಿದೆ, ವಾಡಿಕೆಗಳ ಒತ್ತಾಯವಿತ್ತೆಂಬುದು ನಿಜ. ಬಿಳಿಯ ಕ್ಯೂಬನ್ನರು ಅದಕ್ಕೆ ಮಣಿದರೆಂಬುದೂ ನಿಜ. ಹೊರಗಾದ ಕರಿಯ ಕ್ಯೂಬನ್ನರು ಬೇರೆ ಸಂಘವನ್ನು ಕಟ್ಟಿಕೊಂಡು, ಅದಕ್ಕೆ ಬಿಳಿಯ ನಾಯಕ ಹೊಸೆ ಮಾರ್ತಿ, ಕರಿಯ ಸೇನಾನಿ ಮಾಸಿಯೊ, ಇಬ್ಬರ ಹೆಸರನ್ನೂ ಇಟ್ಟರು. ಒಡೆದು ಹೋದ ಮನೆಯ ನೆನಪನ್ನು ಹೊರಗೆ ಹಾಕಲ್ಪಟ್ಟವರೇ ಉಳಿಸಿಕೊಂಡರು.

ಮೆಕ್ಸಿಕೋ ಮೂಲದವರ ಅನುಭವ ಇನ್ನೊಂದು ಬಗೆಯದು. 1930ರ ಜನಗಣತಿಯಲ್ಲಿ ಸಂಯುಕ್ತ ಸಂಸ್ಥಾನಗಳ ಸರಕಾರ ಅವರನ್ನು ಪ್ರತ್ಯೇಕ ವರ್ಣದವರೆಂದು ಬರೆದುಕೊಂಡಿತು. ಮೆಕ್ಸಿಕೋ ಸರಕಾರವೂ ಅವರ ಸಂಘಸಂಸ್ಥೆಗಳೂ ಇದನ್ನು ವಿರೋಧಿಸಿದುದರಿಂದ 1940ರ ಗಣತಿಯಲ್ಲಿ ಅವರನ್ನು ಬಿಳಿಯರ ಸಾಲಿಗೆ ಸೇರಿಸಲಾಯಿತು. ಅವರ ಮಕ್ಕಳಿಗೆ ಬೇರೆ ಶಾಲೆ, ಹೋಟೆಲುಗಳಲ್ಲಿ ನಿಷೇಧ, ಇವೆಲ್ಲ ಇದ್ದ ಕಾಲ ಅದು. "ನಾವು ಬಿಳಿಯರು, ನಮ್ಮನ್ನು ಹೀಗೆ ನಡೆಸಿಕೊಳ್ಳಬೇಡಿ" ಎಂದು ಅವರು ವಾದಿಸಿದ್ದನ್ನು ಇಂದು ಕುಳಿತು ಹಳಿಯುವುದು ಸುಲಭ. ಆದರೆ ಆ ವಾದದ ಒಳಗೆ, ಬಿಳಿಯರಲ್ಲದವರನ್ನು ಹಾಗೆ ನಡೆಸಿಕೊಂಡರೆ ತಪ್ಪಿಲ್ಲವೆಂಬ ಒಪ್ಪಿಗೆಯೂ ಅಡಗಿತ್ತಲ್ಲವೆ? ಟೆಕ್ಸಾಸ್ ರಾಜ್ಯದಲ್ಲಿ ಇದೇ ವಾದ ಅವರಿಗೆ ತಿರುಗುಬಾಣವಾಯಿತು. ಮೆಕ್ಸಿಕೋ ಮೂಲದವರೊಬ್ಬರನ್ನೂ ಪಂಚರನ್ನಾಗಿ ಕೂರಿಸದ ನ್ಯಾಯಾಲಯವು, ಪಂಚರು ಬಿಳಿಯರು, ಆಪಾದಿತನೂ ಬಿಳಿಯನೇ, ಇನ್ನು ಭೇದವೆಲ್ಲಿಯದು ಎಂದಿತು. 1954ರ ಮೇ 3ರಂದು ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಶಾಲೆಗಳಲ್ಲಿ ಕರಿಯರ ಪ್ರತ್ಯೇಕತೆಯನ್ನು ರದ್ದುಮಾಡಿದ ಪ್ರಸಿದ್ಧ ತೀರ್ಪು ಬಂದದ್ದು ಅದಾದ ಎರಡೇ ವಾರಕ್ಕೆ, ಮೇ 17ರಂದು. ಎರಡು ಸಮುದಾಯಗಳ ಹೋರಾಟ ಒಂದೇ ಬಾಗಿಲನ್ನು ತಟ್ಟುತ್ತಿತ್ತು. ಆದರೂ ಒಬ್ಬರ ಕೈಯನ್ನೊಬ್ಬರು ಹಿಡಿಯಲು ಹಿಂಜರಿದರು.

ಈಚಿನ ಎರಡು ಸಂಗತಿಗಳನ್ನು ಹೇಳುತ್ತೇನೆ. ನ್ಯೂಯಾರ್ಕಿನ ಕಾಲೇಜೊಂದರಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ, ಪನಾಮದಿಂದ ಬಂದ ಕರಿಯ ಅಧ್ಯಾಪಕರೊಬ್ಬರು ತಮಗೆ ಬಣ್ಣದ ಕಾರಣದಿಂದ ಕೆಲಸ ತಪ್ಪಿತೆಂದು ನ್ಯಾಯಾಲಯಕ್ಕೆ ಹೋದರು. 2004ರಲ್ಲಿ ನ್ಯಾಯಾಧೀಶರು ಅವರ ದಾವೆಯನ್ನು ಒಪ್ಪಲಿಲ್ಲ; ಲ್ಯಾಟಿನ್ ಅಮೆರಿಕದ ಬೇರೆ ಬೇರೆ ದೇಶಗಳವರಿಗೆ ಅಲ್ಲಿ ಕೆಲಸ ಸಿಕ್ಕಿರುವುದನ್ನು ಕಾರಣಗಳಲ್ಲೊಂದಾಗಿ ಎಣಿಸಿದರು. ಆ ಕಾಲೇಜಿನವರು ತಪ್ಪುಮಾಡಿದರೋ ಇಲ್ಲವೋ ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಲ್ಯಾಟಿನೋ ಎಂಬ ಒಂದೇ ಚೀಲಕ್ಕೆ ಎಲ್ಲರನ್ನೂ ತುಂಬಿದರೆ ಚೀಲದೊಳಗಿನ ಭೇದ ನ್ಯಾಯಾಧೀಶರ ಕಣ್ಣಿಗೂ ಬೀಳದೆಂಬುದನ್ನು ಈ ಮೊಕದ್ದಮೆ ತೋರಿಸುತ್ತದೆ. ತಾನ್ಯಾ ಕಟೆರಿ ಹರ್ನಾಂಡೆಜ್ ಎಂಬ ಕಾನೂನು ಪ್ರಾಧ್ಯಾಪಕಿ ಇಂಥ ಮೊಕದ್ದಮೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಒಂದು ಗ್ರಂಥವನ್ನೇ ಬರೆದಿದ್ದಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಲಾಸ್ ಏಂಜಲಿಸ್ ನಗರಸಭೆಯ ಲ್ಯಾಟಿನೋ ಸದಸ್ಯರ ಗುಪ್ತ ಮಾತುಕತೆಯ ಧ್ವನಿಮುದ್ರಣ ಬಯಲಾಯಿತು. ಆ ನಗರಸಭೆಗೆ ಅಧ್ಯಕ್ಷೆಯಾದ ಮೊದಲ ಲ್ಯಾಟಿನೋ ಮಹಿಳೆ ಅದರಲ್ಲಿ, ಸಹೋದ್ಯೋಗಿಯೊಬ್ಬರು ಸಾಕಿಕೊಂಡಿದ್ದ ಕರಿಯ ಮಗುವನ್ನು ಮರಿಕೋತಿಗೆ ಹೋಲಿಸಿದ್ದಳು. ಮೆಕ್ಸಿಕೋದ ಓಹಾಕಾ ಪ್ರಾಂತದ ಮೂಲನಿವಾಸಿಗಳನ್ನೂ ಅಲ್ಲಿ ಹೀಯಾಳಿಸಲಾಗಿತ್ತು. ಜನ ರೊಚ್ಚಿಗೆದ್ದ ಮೇಲೆ ಆಕೆ ರಾಜೀನಾಮೆ ಕೊಟ್ಟಳು.

ಇಂಥವರು ಬೆರಳೆಣಿಕೆಯವರೆಂದು ತಳ್ಳಿಹಾಕುವ ಹಾಗಿಲ್ಲ. ಪ್ಯೂ ಸಂಶೋಧನ ಕೇಂದ್ರವು 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ತಮ್ಮವರೇ ಆದ ಸ್ನೇಹಿತರು, ಬಂಧುಗಳು ಇತರ ಲ್ಯಾಟಿನೋ ಜನರ ವಿಷಯದಲ್ಲಿ ವರ್ಣದ್ವೇಷವೆನಿಸುವ ಮಾತು, ಹಾಸ್ಯಗಳನ್ನಾಡುವುದನ್ನು ಆಗಾಗ ಕೇಳಿದ್ದೇವೆಂದು ನೂರಕ್ಕೆ 48 ಮಂದಿ ಒಪ್ಪಿಕೊಂಡರು. ಅದೇ ಕೇಂದ್ರದ ಅಂದಾಜಿನಂತೆ 2020ರಲ್ಲಿ ಸಂಯುಕ್ತ ಸಂಸ್ಥಾನಗಳಲ್ಲಿ ಆಫ್ರಿಕ ಮೂಲದ ಲ್ಯಾಟಿನೋ ವಯಸ್ಕರು ಸುಮಾರು 60 ಲಕ್ಷ. ಎರಡು ಸಮುದಾಯಗಳಿಗೂ ಸೇರಿದ ಇವರದು ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ. ಸ್ಪ್ಯಾನಿಷ್ ಆಡಿದರೆ ಕರಿಯನಲ್ಲವೆನ್ನುತ್ತಾರೆ. ಮುಖ ನೋಡಿದರೆ ನಮ್ಮವನಲ್ಲವೆನ್ನುತ್ತಾರೆ.

ಪರಿಹಾರವೇನು? ಎರಡು ದಾರಿಗಳನ್ನು ಆ ಜನರೇ ತೋರಿಸಿದ್ದಾರೆ. ಮೊದಲನೆಯದು ಮರೆತುದನ್ನು ನೆನೆಯುವುದು. ಪೋರ್ಟೋ ರೀಕೋದಲ್ಲಿ 1874ರಲ್ಲಿ ಹುಟ್ಟಿದ ಆರ್ತುರೊ ಶೋಂಬರ್ಗ್ ಬಾಲಕನಾಗಿದ್ದಾಗ, ಕರಿಯರಿಗೆ ಚರಿತ್ರೆಯೂ ಇಲ್ಲ, ಮಹಾಪುರುಷರೂ ಇಲ್ಲ ಎಂದು ಉಪಾಧ್ಯಾಯರೊಬ್ಬರು ಹೇಳಿದರಂತೆ. ಅವನು ನ್ಯೂಯಾರ್ಕಿಗೆ ಬಂದು, ಹೊಟ್ಟೆಪಾಡಿನ ನೌಕರಿ ಮಾಡುತ್ತಲೇ, ಆಫ್ರಿಕ ಮೂಲದವರು ಬರೆದ ಮತ್ತು ಅವರ ವಿಷಯವಾಗಿ ಬರೆದ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ದಶಕಗಳ ಕಾಲ ಕೂಡಿಹಾಕಿದನು. 1926ರಲ್ಲಿ ಆ ಸಂಗ್ರಹವನ್ನು 10,000 ಡಾಲರುಗಳಿಗೆ ಕೊಂಡು ನ್ಯೂಯಾರ್ಕ್ ಸಾರ್ವಜನಿಕ ಪುಸ್ತಕಾಲಯಕ್ಕೆ ಸೇರಿಸಲಾಯಿತು. ಹಾರ್ಲೆಮ್ ಭಾಗದಲ್ಲಿ ಅವನ ಹೆಸರಿನ ಸಂಶೋಧನ ಕೇಂದ್ರ ಇಂದಿಗೂ ಇದೆ. ಉಪಾಧ್ಯಾಯರ ಒಂದು ಮಾತಿಗೆ ಅವನು ಕೊಟ್ಟ ಉತ್ತರ ಇಡೀ ಒಂದು ಗ್ರಂಥಭಂಡಾರ!

ಎರಡನೆಯ ದಾರಿ ಎಣಿಸುವುದು. ಮೆಕ್ಸಿಕೋ ದೇಶ 1829ರಲ್ಲಿ ಗುಲಾಮ ಪದ್ಧತಿಯನ್ನು ರದ್ದುಮಾಡಿದಾಗ ಅಧ್ಯಕ್ಷನಾಗಿದ್ದ ವಿಸೆಂತೆ ಗೆರೆರೊ ಸ್ವತಃ ಆಫ್ರಿಕ ಮೂಲವುಳ್ಳವನು. ಹಾಗಿದ್ದೂ ಆ ದೇಶದ ಗಣತಿಯಲ್ಲಿ ಆಫ್ರಿಕ ಮೂಲದವರೆಂಬ ಕಲಮು ಬಹುಕಾಲ ಇರಲೇ ಇಲ್ಲ. 2015ರ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಕೇಳಿದಾಗ ಸುಮಾರು 14 ಲಕ್ಷ ಜನ ಹೌದೆಂದರು. 2019ರಲ್ಲಿ ಸಂವಿಧಾನವೇ ಅವರನ್ನು ಗುರುತಿಸಿತು. 2020ರ ಗಣತಿಯಲ್ಲಿ ಅವರ ಸಂಖ್ಯೆ ಸುಮಾರು 25 ಲಕ್ಷಕ್ಕೇರಿತು. ಐದು ವರ್ಷಗಳಲ್ಲಿ ಅಷ್ಟು ಮಕ್ಕಳು ಹುಟ್ಟಿದರೆಂದಲ್ಲ. ಪ್ರಶ್ನೆಯ ರೀತಿಯೂ ಬದಲಾಗಿತ್ತು, ಹೇಳಿಕೊಳ್ಳಲು ನಾಚಿಕೆಪಡುತ್ತಿದ್ದವರಿಗೆ ಧೈರ್ಯವೂ ಬಂದಿತ್ತು. ಪೆರು ದೇಶದಲ್ಲಿ, ಇಂಗಾ ಇಲ್ಲದವನಲ್ಲಿ ಮಂಡಿಂಗಾ ಇದ್ದೇ ಇರುತ್ತದೆ, ಎಂದರೆ ಮೂಲನಿವಾಸಿಯ ಅಂಶವಿಲ್ಲದವನಲ್ಲಿ ಆಫ್ರಿಕದವರ ಅಂಶವಾದರೂ ಇರುತ್ತದೆ, ಎಂಬ ಗಾದೆಯಿದೆ. ಗಾದೆ ಬಲ್ಲ ಸತ್ಯವನ್ನು ಸರಕಾರದ ಕಾಗದ ತಿಳಿಯಲು ಇಷ್ಟು ಕಾಲ ಬೇಕಾಯಿತು.

ಮನೆಯ ಹುಳುಕನ್ನು ಹೀಗೆ ಬೀದಿಗೆ ತಂದರೆ ಹೊರಗಿನ ಶತ್ರುವಿಗೆ ಅನುಕೂಲವಾಗದೆ ಎಂಬ ಆಕ್ಷೇಪಣೆ ಅವರಲ್ಲಿಯೂ ಇದೆ. ಲ್ಯಾಟಿನೋ ಜನರಿಗೆ ಸಂಯುಕ್ತ ಸಂಸ್ಥಾನಗಳಲ್ಲಿ ಇಂದಿಗೂ ತಿರಸ್ಕಾರ ತಪ್ಪಿಲ್ಲದಿರುವುದರಿಂದ ಆಕ್ಷೇಪಣೆ ಹಗುರವಾದುದಲ್ಲ. ಆದರೆ ಒಗ್ಗಟ್ಟಿನ ಹೆಸರಿನಲ್ಲಿ ಬಾಯಿಮುಚ್ಚಿಕೊಂಡಿರಬೇಕಾದವನು ಯಾವಾಗಲೂ ಕೆಳಗಿನ ಮೆಟ್ಟಿಲಿನವನೇ ಆದರೆ, ಅದು ಒಗ್ಗಟ್ಟು ಹೇಗಾದೀತು?

ಈ ಚರಿತ್ರೆಯ ಒಂದು ಎಳೆ ನಮ್ಮ ನಾಡಿನ ವರೆಗೂ ಬಂದಿದೆ. ಆಫ್ರಿಕದವರನ್ನು ಬ್ರೆಜಿಲ್‌ಗೆ ಸಾಗಿಸಿದ ಪೋರ್ಚುಗೀಸರೇ ಗೋವೆಗೂ ಅವರನ್ನು ತಂದು ಮಾರಿದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿರುವ ನಮ್ಮ ಸಿದ್ದಿ ಜನರಲ್ಲಿ ಅನೇಕರು ಹಾಗೆ ಬಂದವರ ಸಂತತಿಯವರು. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ. ಅವರಲ್ಲೊಬ್ಬರು ಮೊದಲ ಬಾರಿಗೆ ನಮ್ಮ ವಿಧಾನ ಪರಿಷತ್ತಿನಲ್ಲಿ ಕುಳಿತದ್ದು 2020ರಲ್ಲಿ. ಕನ್ನಡವನ್ನಾಡುವ ಅವರನ್ನು ಕಂಡು ನೀವು ಯಾವ ದೇಶದವರೆಂದು ಕೇಳುವವರು ಈಗಲೂ ಇದ್ದಾರೆ.

ಮೇಲಿನವರಿಂದ ತಿಂದ ಪೆಟ್ಟು ಮನುಷ್ಯನಿಗೆ ಚೆನ್ನಾಗಿ ನೆನಪಿರುತ್ತದೆ. ಕೆಳಗಿನವರಿಗೆ ಕೊಟ್ಟ ಪೆಟ್ಟು ನೆನಪಿರುವುದಿಲ್ಲ. ಲ್ಯಾಟಿನ್ ಅಮೆರಿಕದ ಚರಿತ್ರೆಯನ್ನು ಓದಿ ನಾನು ತಿಳಿದುಕೊಂಡದ್ದು ಇದು. ನೋವುಂಡ ಮಾತ್ರಕ್ಕೆ ಯಾವ ಜನವೂ ನ್ಯಾಯವಂತರಾಗಿಬಿಡುವುದಿಲ್ಲ. ರಕ್ತ ಬೆರೆತ ಮಾತ್ರಕ್ಕೆ ಮನಸ್ಸೂ ಬೆರೆಯುವುದಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ನಿಂತವನು ಬಾಯಿ ತೆರೆದಾಗ ಅವನ ಮಾತನ್ನು ಕೊನೆಯ ವರೆಗೆ ಕೇಳುವ ತಾಳ್ಮೆಯನ್ನಾದರೂ ವಿದ್ಯಾವಂತರೆನಿಸಿಕೊಂಡ ನಾವು ಬೆಳೆಸಿಕೊಳ್ಳಬೇಕು.